ಗೆಸ್ಟ್ ಸ್ಪೀಕರ್ ಆಗಿ ಹೋದ ಕಥೆ, ಮತ್ತೊಂದು ವಾಟರ್ ಫಿಲ್ಟರ್

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸದ ಒತ್ತಡ ಅಂತ ಹೇಳಿದರೆ ಅರ್ಧ ಸತ್ಯ, ಉಳಿದರ್ಧ ಸೋಮಾರಿತನ. ಆದರೆ ಮೊನ್ನೆ ಊರಿಗೆ ಹೋದಾಗ ನಡೆದದ್ದೊಂದು ತಲೆಯಲ್ಲಿ ಕೂತು ಕೊರೀತಾ ಇದೆ. ಬರೆದರೆ ಹಗುರ ಆಗಬಹುದೇನೋ ಅಂತ ಕೂತಿದ್ದೇನೆ.

ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಅಂಥ ಎಲ್ಲಾ ಊರುಗಳಲ್ಲಿ ಇರುವ ಹಾಗೆ ನಮ್ಮಲ್ಲೂ ಒಂದು ಸೇವಾ ಕ್ಲಬ್ ಇದೆ. ರೋಟರಿಯೋ ಲಯನ್ಸೋ ಹೇಳೋದಿಲ್ಲ. ಹೇಳಿದರೆ ಅಪ್ಪ ಸಂಜೆ ವಾಕಿಂಗ್ ಹೋಗುವ ಗುಂಪನ್ನೇ ಬದಲಾಯಿಸಬೇಕಾಗುತ್ತದೆ. ಆ ಕ್ಲಬ್ಬಿನಲ್ಲಿರುವ ಅಪ್ಪನ ಸ್ನೇಹಿತರೊಬ್ಬರು ಫೋನ್ ಮಾಡಿದರು. ಚಿಕ್ಕಂದಿನಿಂದ ಅವರನ್ನು ಮಾವ ಅಂತಲೇ ಕರೆಯೋದು. ಅವರದ್ದು ಹಾರ್ಡ್‌ವೇರ್ ಅಂಗಡಿ, ನನ್ನದು ಸಾಫ್ಟ್‌ವೇರ್ (ಈ ಜೋಕನ್ನು ಅವರು ಹತ್ತು ವರ್ಷದಿಂದ ಬಿಡದೆ ಹೇಳುತ್ತಿದ್ದಾರೆ).

"ಶನಿವಾರ ಸಂಜೆ ನಮ್ಮ ಮೀಟಿಂಗಲ್ಲಿ ನೀನೇ ಮಾತಾಡಬೇಕು ಮಾರಾಯ. ಬರ್ತೀನಿ ಅಂದಿದ್ದ ಡಾಕ್ಟ್ರು ಕೈಕೊಟ್ಟರು."

"ಏನು ಮಾತಾಡ್ಲಿ ಮಾವ?"

"ಏನಾದ್ರೂ ಮಾತಾಡು. ಆ ಡಿಜಿಟಲ್ ಅರೆಸ್ಟ್ ಅಂತಾರಲ್ಲ, ಅದರ ಬಗ್ಗೆ ಹೇಳು. ಎಲ್ಲಾ ರಿಟೈರ್ ಆದವ್ರೇ ಇರೋದು, ಹೆದರಿಕೊಂಡಿದಾರೆ."

ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ತಮಾಷೆ ನೋಡುವ ಆಸೆಯೂ ಇತ್ತು. ಕಾಲೇಜಿನ ದಿನಗಳಿಂದ ನನಗೆ ಈ ಕ್ಲಬ್ಬುಗಳೆಂದರೆ ಕೋಟು, ಟೈ, ಶಾಲು, ಹಾರ, ಗುಂಪು ಫೋಟೋ ಅಷ್ಟೇ. ಬ್ಯಾನರಿನಲ್ಲಿ ಹನ್ನೆರಡು ಜನ, ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಂತ ಒಬ್ಬ ಹುಡುಗ. ಆ ಹುಡುಗನ ಜಾಗದಲ್ಲಿ ಆರನೇ ಕ್ಲಾಸಿನಲ್ಲಿ ನಾನೂ ನಿಂತಿದ್ದೆ. ಅದು ಬೇರೆ ಕಥೆ.

ಶನಿವಾರ ಬೆಳಿಗ್ಗೆ ಅಕ್ಕನ ಮಗಳನ್ನು ಶಾಲೆಗೆ ಬಿಡಲು ಹೋದೆ. ನಾನು ಓದಿದ ಸರ್ಕಾರಿ ಶಾಲೆಯೇ. ವರಾಂಡದ ಗೋಡೆಯ ಮೇಲೆ ದೊಡ್ಡ ಗ್ರಾನೈಟ್ ಕಲ್ಲು. ಅದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಜಿಲ್ಲಾ ಗವರ್ನರ್ ಎಲ್ಲರ ಹೆಸರು, ಒಟ್ಟು ಏಳು. ಕೆಳಗೆ ಸಣ್ಣ ಅಕ್ಷರದಲ್ಲಿ 'ಶುದ್ಧ ಕುಡಿಯುವ ನೀರಿನ ಘಟಕ'. ಅದರ ಕೆಳಗೆ ಸ್ಟೀಲ್ ಡ್ರಮ್ಮು, ಮೂರು ನಲ್ಲಿ, ಮೂರೂ ಒಣಗಿದವು. ಡ್ರಮ್ಮಿನ ಮೇಲೆ ಯಾರೋ ಪೊರಕೆ ಇಟ್ಟಿದ್ದರು.

ಹೆಡ್‌ಮಿಸ್ ಹೇಳಿದ್ದಿಷ್ಟು. ಮೊದಲನೇ ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನೀರು ಹನಿಹನಿಯಾಗಿ ಬರತೊಡಗಿತು. ಮೆಕ್ಯಾನಿಕ್ ಬಂದು ಒಳಗಿನ ಮೆಂಬ್ರೇನು, ಕ್ಯಾಂಡಲ್ಲು ಎಲ್ಲ ಬದಲಿಸಬೇಕು, ನಾಲ್ಕೂವರೆ ಸಾವಿರ ಆಗುತ್ತೆ ಅಂದ. ಶಾಲೆಯ ಅನುದಾನ ಅಷ್ಟೊತ್ತಿಗೆ ಖಾಲಿ. ಕ್ಲಬ್ಬಿಗೆ ಫೋನ್ ಮಾಡಿದರು. ಅಲ್ಲಿ ಆಗಲೇ ಜುಲೈ ಕಳೆದು ಹೊಸ ಅಧ್ಯಕ್ಷರು ಬಂದಿದ್ದರು.

"ಅದು ಹಿಂದಿನ ವರ್ಷದ ಪ್ರಾಜೆಕ್ಟ್ ಮೇಡಂ."

ಅಷ್ಟೇ ಉತ್ತರ. ಮೇಡಂ ಬೇಸರದಿಂದಲ್ಲ, ನಗುತ್ತಲೇ ಹೇಳಿದರು. ಈಗ ಮಕ್ಕಳು ಮನೆಯಿಂದ ಬಾಟಲಿ ತರುತ್ತಾರೆ, ತರದವರು ಪಕ್ಕದ ಬೋರ್‌ವೆಲ್ಲಿಗೆ ಹೋಗುತ್ತಾರೆ. ನಾವೂ ಅಲ್ಲೇ ಕುಡಿದಿದ್ದು ಬಿಡಿ, ಆದರೆ ನಮ್ಮ ಕಾಲದಲ್ಲಿ ಗೋಡೆ ಮೇಲೆ ಗ್ರಾನೈಟ್ ಇರಲಿಲ್ಲ.

ಈ "ಹಿಂದಿನ ವರ್ಷದ ಪ್ರಾಜೆಕ್ಟ್" ಅನ್ನೋ ಮಾತು ನನ್ನನ್ನು ಹಿಡಿದುಕೊಂಡಿತು. ರೋಟರಿ ಇರಲಿ ಲಯನ್ಸ್ ಇರಲಿ, ಎರಡರದ್ದೂ ವರ್ಷ ಶುರುವಾಗೋದು ಜುಲೈ 1ಕ್ಕೆ, ಮುಗಿಯೋದು ಜೂನ್ 30ಕ್ಕೆ. ಪ್ರತಿ ವರ್ಷ ಹೊಸ ಅಧ್ಯಕ್ಷ, ಹೊಸ ಪದಗ್ರಹಣ, ಹೊಸ ಬ್ಯಾನರ್. ಯಾರೂ ಕುರ್ಚಿಗೆ ಅಂಟಿಕೊಳ್ಳದಿರಲಿ ಅನ್ನುವುದಕ್ಕೆ ಇದು ಒಳ್ಳೆಯದೇ. ಆದರೆ ಅಧ್ಯಕ್ಷನಾದವನಿಗೆ ಸಿಗೋದು ಹನ್ನೆರಡೇ ತಿಂಗಳು. ಅಷ್ಟರಲ್ಲಿ "ನನ್ನ ಅವಧಿಯಲ್ಲಿ" ಅಂತ ಹೇಳಿಕೊಳ್ಳೋಕೆ ಏನಾದರೂ ಕಟ್ಟಬೇಕು, ಉದ್ಘಾಟಿಸಬೇಕು. ಹಳೆಯ ಫಿಲ್ಟರಿಗೆ ಕ್ಯಾಂಡಲ್ ಹಾಕಿಸಿದ್ದಕ್ಕೆ ಟೇಪು ಕತ್ತರಿಸೋಕೆ ಯಾವ ಶಾಸಕರೂ ಬರೋದಿಲ್ಲ.

ನಗಬೇಡಿ, ನಮ್ಮ ಆಫೀಸಿನಲ್ಲಿ ನಡೆಯೋದೂ ಇದೇ ಕಣ್ರೀ. ಹೊಸ ಫೀಚರ್ ರಿಲೀಸ್ ಆದರೆ ಕೇಕ್ ಕತ್ತರಿಸ್ತಾರೆ, ಮ್ಯಾನೇಜರ್ ಮೇಲ್ ಹಾಕ್ತಾರೆ. ಮೂರು ವರ್ಷದ ಹಿಂದಿನ ಕೋಡಿನಲ್ಲಿ ರಾತ್ರಿ ಎರಡು ಗಂಟೆಗೆ ಬಗ್ ಹುಡುಕಿ ಸರಿ ಮಾಡಿದವನಿಗೆ ಬೆಳಿಗ್ಗೆ ಕಾಫಿ ಕೂಡ ಸಿಗೋದಿಲ್ಲ. ಅಪ್ರೈಸಲ್‌ನಲ್ಲಿ "ಹೊಸದೇನು ಮಾಡಿದೆ?" ಅಂತ ಕೇಳ್ತಾರೆಯೇ ಹೊರತು "ಏನನ್ನು ಕೆಡದ ಹಾಗೆ ನೋಡಿಕೊಂಡೆ?" ಅಂತ ಯಾರೂ ಕೇಳಲ್ಲ. ಹಾಗಾಗಿ ಆ ಹೊಸ ಅಧ್ಯಕ್ಷರನ್ನು ಬೈಯಲು ನನಗೆ ಪೂರ್ತಿ ಬಾಯಿಲ್ಲ.

ಇನ್ನೊಂದು ಕಾರಣಕ್ಕೂ ಬಾಯಿಲ್ಲ. ನಮ್ಮ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇಂಥದ್ದೇ ಕ್ಲಬ್ಬೊಂದರ ಉಚಿತ ಶಿಬಿರದಲ್ಲಿ ಆಪರೇಷನ್ ಆಯ್ತು. ವ್ಯಾನಿನಲ್ಲಿ ಕರೆದೊಯ್ದರು, ಕರೆತಂದು ಬಿಟ್ಟರು, ಕಪ್ಪು ಕನ್ನಡಕ, ಡ್ರಾಪ್ಸ್ ಕೊಟ್ಟರು. ಒಂದು ತಿಂಗಳಿಗೆ ಮತ್ತೆ ವ್ಯಾನ್ ಬಂತು, ಕಣ್ಣು ಪರೀಕ್ಷೆಗೆ. ಆಮೇಲೆ ಅಜ್ಜಿ ಸಾಯುವವರೆಗೂ ಅಕ್ಕಿ ಆರಿಸಿದ್ದು ಆ ಕಣ್ಣಲ್ಲೇ. ಈಗ ಯೋಚಿಸಿದರೆ ಅನ್ನಿಸುತ್ತೆ, ಅಲ್ಲಿ ಕೆಲಸ ಗೆದ್ದದ್ದು ಆ ಎರಡನೇ ವ್ಯಾನಿನಿಂದ. ಆಪರೇಷನ್ ಮಾಡಿ ಫೋಟೋ ತೆಗೆಸಿಕೊಂಡು ಬಿಟ್ಟಿದ್ದರೆ?

ಕಣ್ಣಿನ ಈ ಕೆಲಸಕ್ಕೂ ಗೆಸ್ಟ್ ಸ್ಪೀಕರಿಗೂ ಒಂದು ಸಂಬಂಧ ಇದೆ. ಷಿಕಾಗೋದ ಇನ್ಶೂರೆನ್ಸ್ ಏಜೆಂಟ್ ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್ ಸಂಘಟನೆಗೆ ಅಡಿಪಾಯ ಹಾಕಿದರು. 1925ರಲ್ಲಿ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ಅವರ ಅಂತಾರಾಷ್ಟ್ರೀಯ ಸಮಾವೇಶ. ಅಲ್ಲಿಗೆ ಅತಿಥಿಯಾಗಿ ಬಂದು ಮಾತಾಡಿದ್ದು ಹೆಲನ್ ಕೆಲರ್. ಅಂಧರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಶಾಲು ಹೊದಿಸಿ, ಊಟ ಮಾಡಿ ಮರೆತುಬಿಡಬಹುದಿತ್ತು. ಅವರು ಮರೆಯಲಿಲ್ಲ. ನೂರು ವರ್ಷದ ನಂತರವೂ ಆ ಕ್ಲಬ್ಬುಗಳು ಕಣ್ಣಿನ ಕೆಲಸ ಮಾಡುತ್ತಲೇ ಇವೆ. ಒಂದು ಅತಿಥಿ ಭಾಷಣಕ್ಕೆ ಇದಕ್ಕಿಂತ ದೊಡ್ಡ ಫಲ ಇನ್ನೇನು ಬೇಕು ಹೇಳಿ!

ರೋಟರಿಯದ್ದು ಇನ್ನೂ ಹಳೆಯದು. 1905ರ ಫೆಬ್ರುವರಿ 23ರಂದು ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಪರಿಚಯಸ್ಥರು, ಅದೂ ಷಿಕಾಗೋದಲ್ಲೇ, ಒಬ್ಬರ ಆಫೀಸಿನಲ್ಲಿ ಸೇರಿದ್ದು. ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ಸೇರುತ್ತಿದ್ದರಿಂದ ರೋಟರಿ ಅಂತ ಹೆಸರು. ಇವರು 1985ರಲ್ಲಿ ಪೋಲಿಯೋ ನಿರ್ಮೂಲನೆಯ ಕೆಲಸ ಹಿಡಿದರು. 12 ಕೋಟಿ ಡಾಲರ್ ಕೂಡಿಸುವ ಗುರಿ ಇಟ್ಟುಕೊಂಡು 1988ರ ಹೊತ್ತಿಗೆ ಅದರ ಎರಡರಷ್ಟು ಕೂಡಿಸಿದರು. ಆಮೇಲೆ ಡಬ್ಲ್ಯುಎಚ್‌ಒ, ಯುನಿಸೆಫ್, ಸರ್ಕಾರಗಳು, ಮನೆಮನೆ ಸುತ್ತಿದ ಲಕ್ಷಾಂತರ ಕಾರ್ಯಕರ್ತೆಯರು ಎಲ್ಲ ಸೇರಿ ಎಳೆದ ರಥ ಅದು. ನಮ್ಮ ದೇಶದಲ್ಲಿ 2009ರಲ್ಲಿ 741 ಪ್ರಕರಣ, 2010ರಲ್ಲಿ 42, 2011ರಲ್ಲಿ ಒಂದೇ ಒಂದು, ಹೌರಾದ ಒಂದು ಪುಟ್ಟ ಹುಡುಗಿ. 2014ರ ಮಾರ್ಚ್ 27ರಂದು ಪೋಲಿಯೋ ಮುಕ್ತ ಅನ್ನೋ ಪ್ರಮಾಣಪತ್ರ ಬಂತು. 1985ರಿಂದ 2014 ಅಂದರೆ ಇಪ್ಪತ್ತೊಂಬತ್ತು ವರ್ಷ. ಅಷ್ಟರಲ್ಲಿ ಪ್ರತಿ ಕ್ಲಬ್ಬಿನಲ್ಲೂ ಎಷ್ಟು ಅಧ್ಯಕ್ಷರು ಬಂದು ಹೋದರೋ, "ಅದು ಹಿಂದಿನ ವರ್ಷದ್ದು" ಅಂತ ಕೈಬಿಟ್ಟಿದ್ದರೆ ಏನಾಗುತ್ತಿತ್ತು? ಈಗಲೂ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಆ ರೋಗ ಇದೆ, ಅವರೂ ಬಿಟ್ಟಿಲ್ಲ. ಪ್ರಪಂಚದ ಮಟ್ಟದಲ್ಲಿ ಸಾಧ್ಯವಾದ ಹಟ ನಮ್ಮೂರಿನ ಮೂರು ನಲ್ಲಿಗೆ ಯಾಕಿಲ್ಲ ಅನ್ನೋದು ನನ್ನ ತಕರಾರು.

ಸರಿ, ಮೀಟಿಂಗಿಗೆ ಬರೋಣ. ಮೊದಲು ಗಂಟೆ ಬಾರಿಸಿದರು. ಪ್ರಾರ್ಥನೆ, ವರದಿ, ಹುಟ್ಟುಹಬ್ಬ ಮತ್ತು ಮದುವೆ ವಾರ್ಷಿಕೋತ್ಸವದವರಿಗೆ ಹೂವು. ನನ್ನ ಪರಿಚಯಕ್ಕೆ ಏಳು ನಿಮಿಷ (ನಾನೇ ಗುರುತಿಸಲಾಗದಷ್ಟು ಒಳ್ಳೆಯವನಾಗಿದ್ದೆ), ಮಾತಿಗೆ ಇಪ್ಪತ್ತು ಅಂದಿದ್ದು ಸಿಕ್ಕಿದ್ದು ಹನ್ನೆರಡು. ಸ್ಲೈಡುಗಳನ್ನು ಮುಚ್ಚಿಟ್ಟು ಮುಖ್ಯವಾದದ್ದು ಹೇಳಿದೆ: ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಲ್ಲಿ ಇಲ್ಲವೇ ಇಲ್ಲ, ವಿಡಿಯೋ ಕಾಲಿನಲ್ಲಿ ಪೊಲೀಸ್ ಡ್ರೆಸ್ ಕಂಡರೆ ಫೋನ್ ಇಡಿ, ದುಡ್ಡು ಹೋದ ತಕ್ಷಣ 1930ಕ್ಕೆ ಕರೆ ಮಾಡಿ. ಎಲ್ಲರೂ ನಂಬರ್ ಬರೆದುಕೊಂಡರು. ಒಬ್ಬ ನಿವೃತ್ತ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ತಮಗೂ ಅಂಥ ಕರೆ ಬಂದಿತ್ತು, ನಾಚಿಕೆಯಾಗಿ ಮನೆಯಲ್ಲಿ ಹೇಳಿಲ್ಲ ಅಂದರು. ಆ ಒಬ್ಬರಿಗಾಗಿಯಾದರೂ ಹೋಗಿದ್ದು ಸಾರ್ಥಕ. ವಾರವಾರ ಸೇರಿ ಯಾರದ್ದೋ ಮಾತು ಕೇಳುವ ಈ ಅಭ್ಯಾಸವನ್ನು ಇನ್ನು ಆಡಿಕೊಳ್ಳಲ್ಲ ಅಂತ ಅಲ್ಲೇ ತೀರ್ಮಾನಿಸಿದೆ.

ಆಮೇಲೆ ಮುಂದಿನ ಕಾರ್ಯಕ್ರಮದ ಚರ್ಚೆ. ಸಹಾಯಾರ್ಥ ಯಕ್ಷಗಾನ, ಜೊತೆಗೆ ಸ್ಮರಣ ಸಂಚಿಕೆ. ಪೂರ್ಣ ಪುಟ, ಅರ್ಧ ಪುಟ, 'ಶುಭ ಕೋರುವವರು' ಅಂತ ಕಾಲು ಪುಟ, ಜಾಹೀರಾತಿಗೆ ಯಾವ ಬೀದಿ ಯಾರಿಗೆ ಅಂತ ಹಂಚಿಕೊಂಡರು. ಬಂದ ಹಣದಲ್ಲಿ ಇನ್ನೊಂದು ಶಾಲೆಗೆ, ಊಹಿಸಿದಿರಲ್ಲ, ನೀರಿನ ಘಟಕ!

ಆಗ ನಾನು ಸುಮ್ಮನಿರಲಾರದೆ ಬೆಳಿಗ್ಗೆ ನೋಡಿದ್ದನ್ನು ಹೇಳಿಬಿಟ್ಟೆ. ಸಭೆ ಒಂದು ಕ್ಷಣ ತಣ್ಣಗಾಯಿತು. ಮಾಜಿ ಅಧ್ಯಕ್ಷರೊಬ್ಬರು, "ನಾವು ಕೊಡೋದು ಕೊಟ್ಟಾಯ್ತು, ನೋಡಿಕೊಳ್ಳೋದು ಶಾಲೆಯವರ ಜವಾಬ್ದಾರಿ" ಅಂದರು. ಇನ್ನೊಬ್ಬರು ಅಲ್ಲೇ ಜೇಬಿಗೆ ಕೈ ಹಾಕಿ "ನಾಲ್ಕೂವರೆ ತಾನೇ? ತಗೊಳ್ಳಿ" ಅಂತ ಐದು ಸಾವಿರ ಇಟ್ಟರು. ಚಪ್ಪಾಳೆ ಬಿತ್ತು. ದೊಡ್ಡ ಮನಸ್ಸು, ಇಲ್ಲ ಅನ್ನಲ್ಲ. ಆದರೆ ಮತ್ತೆರಡು ವರ್ಷಕ್ಕೆ ಆ ಮೆಂಬ್ರೇನ್ ಮತ್ತೆ ಹೋಗುತ್ತದೆ. ಆಗ ಯಾರ ಜೇಬು?

ಊಟದ ಹೊತ್ತಿಗೆ (ಅದಕ್ಕೆ ಅವರ ಭಾಷೆಯಲ್ಲಿ ಫೆಲೋಶಿಪ್ ಅಂತಾರೆ, ಪೂರಿ ಸಾಗು ಚೆನ್ನಾಗಿತ್ತು) ಮಾವನ ಹತ್ತಿರ ಎರಡು ಮಾತು ಹೇಳಿದೆ. ಒಂದು, ಎತ್ತಿದ ಹಣದಲ್ಲಿ ಐದನೇ ಒಂದು ಭಾಗವನ್ನು ಮುಟ್ಟದೆ ಬ್ಯಾಂಕಿನಲ್ಲಿಡಿ, ಮುಂದಿನ ಐದು ವರ್ಷದ ರಿಪೇರಿಗೆ. ಘಟಕ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ಮಾವ ತಲೆ ಕೆರೆದುಕೊಂಡರು. "ಜಾಹೀರಾತು ಕೊಟ್ಟೋರು ಈಗ್ಲೇ ಕಣ್ಣಿಗೆ ಕಾಣೋದು ಕೇಳ್ತಾರಪ್ಪ. ಬ್ಯಾಂಕಲ್ಲಿಟ್ಟರೆ ನುಂಗಿಹಾಕಿದ್ರು ಅಂತಾರೆ." ಅದೂ ನಿಜವೇ. ಇಲ್ಲವೆನ್ನಲು ಬಸ್‌ಸ್ಟ್ಯಾಂಡ್ ಎದುರಿನ ಬೇಕರಿಯವನು ಕಾಲು ಪುಟಕ್ಕೆ ದುಡ್ಡು ಕೊಡೋದು ದಾಕ್ಷಿಣ್ಯಕ್ಕೆ. ಅವನಿಗೆ ಲೆಕ್ಕ ಕೇಳುವ ಹಕ್ಕಿದೆ. ಹಾಗಾದರೆ ಆ ಖಾತೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಆ ಗ್ರಾನೈಟಿನ ಪಕ್ಕದಲ್ಲೇ ಪ್ರತಿ ಜುಲೈಗೆ ಅಂಟಿಸಿ ಅಂದೆ.

ಎರಡನೆಯದು ಖರ್ಚಿಲ್ಲದ್ದು. ವರ್ಷಕ್ಕೆ ಇಷ್ಟೊಂದು ಗೆಸ್ಟ್ ಸ್ಪೀಕರ್ ಕರೀತೀರಿ. ಅದರಲ್ಲಿ ಒಂದು ದಿನ ನೀವು ಕೊಟ್ಟದ್ದನ್ನು ತಗೊಂಡವರನ್ನೇ ಕರೆಯಿರಿ. ಹೊಲಿಗೆ ಯಂತ್ರ ಪಡೆದ ಹೆಂಗಸು, ಬೆಂಚು ಪಡೆದ ಶಾಲೆಯ ಮೇಷ್ಟ್ರು. ಥ್ಯಾಂಕ್ಸ್ ಹೇಳೋಕಲ್ಲ, ಕೊಟ್ಟದ್ದು ಈಗ ಹೇಗಿದೆ ಅಂತ ಹೇಳೋಕೆ. ಮಾವ ಮೊಸರನ್ನ ಕಲಸುತ್ತಾ "ನೋಡುವ" ಅಂದರು. ನಮ್ಮ ಕಡೆ 'ನೋಡುವ' ಅಂದರೆ ಬಹುಪಾಲು ಇಲ್ಲ ಅಂತಲೇ ಅರ್ಥ.

ಆದರೆ ನಿನ್ನೆ ರಾತ್ರಿ ಹೆಡ್‌ಮಿಸ್ ಫೋನ್ ಮಾಡಿದ್ದರು. ನಲ್ಲಿಯಲ್ಲಿ ನೀರು ಬರ್ತಿದೆಯಂತೆ. ಮುಂದಿನ ತಿಂಗಳು ಕ್ಲಬ್ಬಿನಲ್ಲಿ ಮಾತಾಡಬೇಕು ಅಂತ ಕರೆದಿದಾರಂತೆ, ಎಷ್ಟು ಹೊತ್ತು ಮಾತಾಡಬೇಕಾಗುತ್ತೆ ಅಂತ ಕೇಳಿದರು.

"ಇಪ್ಪತ್ತು ನಿಮಿಷ ಅಂತಾರೆ ಮೇಡಂ, ಹನ್ನೆರಡಕ್ಕೆ ತಯಾರಾಗಿ ಹೋಗಿ" ಅಂದೆ.