ಮದ್ದಿಗೆ ಮಣಿಯದ ಗಜಕರ್ಣ

ತೊಡೆಯ ಸಂದಿನಲ್ಲೋ ಸೊಂಟದ ಸುತ್ತಲೋ ಉಂಗುರದಂತೆ ಹಬ್ಬಿ ಹಗಲಿರುಳೂ ಕಾಡುವ ಗಜಕರ್ಣವು ಭಾರತಕ್ಕೆ ಹೊಸದಲ್ಲ. ಇದಕ್ಕೆ ಹುಳುಕಡ್ಡಿ ಎಂಬ ಹೆಸರೂ ಉಂಟು. ಆದರೆ ಇದರಲ್ಲಿ ಹುಳುವಿನ ಪಾತ್ರವೇನೂ ಇಲ್ಲ. ಚರ್ಮದ ಮೇಲ್ಪದರವನ್ನೇ ಉಂಡು ಬೆಳೆಯುವ ಶಿಲೀಂಧ್ರ, ಎಂದರೆ ಬೂಷ್ಟಿನ ಜಾತಿಗೆ ಸೇರಿದ ಸೂಕ್ಷ್ಮಜೀವಿ, ಇದಕ್ಕೆ ಕಾರಣ. ಹಿಂದೆ ಕೆಲವು ವಾರಗಳ ಮದ್ದಿಗೆ ಮಾಯುತ್ತಿದ್ದ ಈ ರೋಗವು ಈಗ ಹಲವರನ್ನು ತಿಂಗಳುಗಟ್ಟಲೆ ಬಿಡದು. ಮಾಯಿತೆನ್ನುವಷ್ಟರಲ್ಲಿ ಮರುಕಳಿಸುತ್ತದೆ, ಒಬ್ಬರಿಗೆ ಬಂದದ್ದು ಮನೆಮಂದಿಗೆಲ್ಲ ಹರಡುತ್ತದೆ. ಹೀಗೇಕೆ?

ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸಲು ನೆರವಾಗುವ ಕಿಣ್ವವೊಂದಿದೆ. 1990ರ ದಶಕದಿಂದ ಬಳಕೆಗೆ ಬಂದ ಟರ್ಬಿನಾಫಿನ್ ಎಂಬ ಔಷಧವು, ಬೀಗದೊಳಗೆ ಸಿಕ್ಕಿಕೊಂಡ ಕಡ್ಡಿಯಂತೆ, ಆ ಕಿಣ್ವದಲ್ಲಿ ಸೇರಿ ಅದರ ಕೆಲಸವನ್ನು ನಿಲ್ಲಿಸುತ್ತದೆ, ಶಿಲೀಂಧ್ರ ಸಾಯುತ್ತದೆ. ಆದರೆ ಅಸಂಖ್ಯಾತ ಶಿಲೀಂಧ್ರಗಳಲ್ಲಿ ಎಲ್ಲೋ ಒಂದರ ಕಿಣ್ವವು ಆಕಸ್ಮಿಕವಾಗಿ ತುಸು ಬೇರೆಯಾಗಿರುತ್ತದೆ. ಕಿಣ್ವದ ಸರಪಣಿಯಲ್ಲಿ 397ನೆಯ ಕೊಂಡಿಯೊಂದು ಬದಲಾದರೂ ಸಾಕು, ಔಷಧಕ್ಕೆ ಹಿಡಿತ ತಪ್ಪುತ್ತದೆ. ಔಷಧವು ಈ ಮಾರ್ಪಾಟನ್ನು ಹುಟ್ಟಿಸುವುದಿಲ್ಲ. ಉಳಿದವುಗಳನ್ನು ಕೊಂದು, ಮಾರ್ಪಟ್ಟದ್ದಕ್ಕೆ ಬಯಲನ್ನು ತೆರವು ಮಾಡಿಕೊಡುತ್ತದೆ. ಅಲ್ಲಿ ಅದರ ಸಂತತಿಯೇ ಬೆಳೆಯುತ್ತದೆ.

ಭಾರತದಲ್ಲಿ ವ್ಯಾಪಕವಾಗಿ ಹಬ್ಬಿರುವ, ಈ ಗುಣವು ಹೆಚ್ಚಾಗಿ ಕಾಣುವ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕಿನಲ್ಲಿಯೂ ಅದು ಪತ್ತೆಯಾದುದು ವರದಿಯಾಯಿತು.

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಸ್ಟೆರಾಯ್ಡ್ ಬೆರೆತ ಮುಲಾಮು. ವೈದ್ಯರನ್ನು ಕಾಣದೆ ಔಷಧದ ಅಂಗಡಿಯಿಂದ ತಂದು ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ತಗ್ಗುತ್ತದೆ, ಕೆಂಪು ಅಡಗುತ್ತದೆ. ಆದರೆ ಅಡಗಿದುದು ರೋಗವಲ್ಲ, ರೋಗದೊಡನೆ ಹೋರಾಡುತ್ತಿದ್ದ ದೇಹದ ಶಕ್ತಿ. ತಡೆಯಿಲ್ಲದೆ ಶಿಲೀಂಧ್ರ ಹರಡುತ್ತದೆ. ಉಂಗುರದ ಆಕಾರ ಕೆಟ್ಟು ವೈದ್ಯರಿಗೂ ಗುರುತು ಸಿಕ್ಕುವುದು ಕಷ್ಟವಾಗುತ್ತದೆ. ಬಹುಕಾಲ ಹಚ್ಚಿದರೆ ಚರ್ಮವು ತೆಳುವಾಗಿ ಬರೆ ಬೀಳುತ್ತದೆ.

ಟರ್ಬಿನಾಫಿನ್ ಸೋತರೂ ದಾರಿ ಮುಚ್ಚಿಲ್ಲ. ಬೇರೆ ಬಗೆಯಲ್ಲಿ ಕೆಲಸ ಮಾಡುವ ಇಟ್ರಾಕೊನಜೋಲ್ ಮೊದಲಾದ ಔಷಧಗಳಿವೆ. ಆದರೆ ಅವುಗಳ ಸಂಖ್ಯೆ ಕಡಿಮೆ. ಅವನ್ನೂ ಮನಬಂದಂತೆ ಬಳಸಿದರೆ ಇದೇ ಕಥೆ ಮರುಕಳಿಸೀತು. ಆದ್ದರಿಂದ ನೆರೆಯವರಿಗೆ ಗುಣ ಕೊಟ್ಟ ಮುಲಾಮನ್ನು ಕೇಳಿ ಹಚ್ಚುವುದು ಸಲ್ಲದು. ಚರ್ಮವೈದ್ಯರು ಹೇಳಿದಷ್ಟು ದಿನ, ಕಲೆ ಮರೆಯಾದ ಮೇಲೂ, ಔಷಧ ನಡೆಯಬೇಕು. ರೋಗವಿರುವ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗದಿದ್ದರೆ ಒಬ್ಬರಿಂದ ಒಬ್ಬರಿಗೆ ಅದು ಸುತ್ತುತ್ತಲೇ ಇರುತ್ತದೆ. ಟವೆಲು, ಒಳ ಉಡುಪು, ಹಾಸಿಗೆಯ ಬಟ್ಟೆಗಳು ಬೇರೆ ಬೇರೆಯಾಗಿರಲಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿದ ಬಟ್ಟೆ ಚೆನ್ನಾಗಿ ಒಣಗಿದ ಮೇಲೆಯೇ ಮೈಗೇರಲಿ. ತುರಿಕೆ ನಿಂತುದೇ ಗುಣವೆಂದು ನಂಬಿ ಅರ್ಧಕ್ಕೆ ಬಿಟ್ಟ ಮದ್ದು, ಶತ್ರುವಿಗೆ ಕೊಟ್ಟ ಬಿಡುವು.