ದಕ್ಷಿಣದ ಬಾಗಿಲು ಮುಚ್ಚಬೇಡಿ

ಲಂಗಾಟಾದ ಕನ್ನಡ ಬಂಧುಗಳೇ, ಹುಲ್ಲುಗಾವಲಿನಲ್ಲಿ ಜಿರಾಫೆ, ಅದರ ಬೆನ್ನ ಹಿಂದೆ ನೈರೋಬಿಯ ಬಹುಮಹಡಿ ಕಟ್ಟಡಗಳು: ಊರಿಂದ ಬಂದ ನೆಂಟರೆಲ್ಲ ತೆಗೆಸಿಕೊಳ್ಳುವ ಈ ಫೋಟೋದಲ್ಲಿ ಕ್ಯಾಮೆರಾ ತಿರುಗಿರುವುದು ನಗರದ ಕಡೆಗೆ. ನಮ್ಮ ನೆರೆಯ ನೈರೋಬಿ ರಾಷ್ಟ್ರೀಯ ಉದ್ಯಾನದ ಅಳಿವು ಉಳಿವು ನಿರ್ಧಾರವಾಗುವುದು ಮಾತ್ರ ದಕ್ಷಿಣದಲ್ಲಿ. 1946ರಲ್ಲಿ ಸ್ಥಾಪನೆಯಾದ, ಕೆನ್ಯಾದ ಈ ಮೊದಲ ಉದ್ಯಾನದ ವಿಸ್ತೀರ್ಣ 117 ಚದರ ಕಿ.ಮೀ. ಮಾತ್ರ. ಮೂರು ಕಡೆ ಬೇಲಿಯಿದೆ. ದಕ್ಷಿಣಕ್ಕೆ ಎಂಬಗಾತಿ ನದಿಯೇ ಗಡಿ. ಮಳೆ ಬಿದ್ದಾಗ ಜೀಬ್ರಾ, ವೈಲ್ಡಬೀಸ್ಟ್ ಹಿಂಡುಗಳು ನದಿ ದಾಟಿ ಆಥಿ-ಕಪಿಟಿ ಬಯಲಿನ ಗಿಡ್ಡ ಹುಲ್ಲಿಗೆ ಹೋಗುತ್ತವೆ. ವೈಲ್ಡಬೀಸ್ಟ್ ಕರು ಹಾಕುತ್ತಿದ್ದುದೂ ಅಲ್ಲೇ. ಬಯಲು ಒಣಗಿದಾಗ ನೀರು ಹುಡುಕಿಕೊಂಡು ಉದ್ಯಾನಕ್ಕೆ ಮರಳುತ್ತವೆ. ಅಂದರೆ ಉದ್ಯಾನ ಈ ಪ್ರಾಣಿಗಳಿಗೆ ಬೇಸಿಗೆಯ ಮನೆ, ವರ್ಷವಿಡೀ ಇರುವ ಮನೆಯಲ್ಲ.

ಇದು ಊಹೆಯ ಮಾತಲ್ಲ. 1960ರ ದಶಕದಿಂದ ಇಲ್ಲಿ ಪ್ರಾಣಿಗಳ ತಲೆ ಎಣಿಸುತ್ತ ಬಂದಿದ್ದಾರೆ. ಆಮೇಲೆ ವಿಮಾನದಿಂದ ಬಯಲಿನ ಗಣತಿಯೂ ನಡೆಯಿತು. ಈ ಲೆಕ್ಕಗಳನ್ನು ಸಂಶೋಧಕ ಜೋಸೆಫ್ ಒಗುಟು ಮತ್ತು ಸಂಗಡಿಗರು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದರು. 1970ರ ದಶಕದ ಕೊನೆಗೆ ಹತ್ತಾರು ಸಾವಿರವಿದ್ದ ವೈಲ್ಡಬೀಸ್ಟ್, 2011ರ ಹೊತ್ತಿಗೆ ಕೆಲವೇ ಸಾವಿರಕ್ಕೆ ಇಳಿದಿತ್ತು. ಉದ್ಯಾನದೊಳಗೆ ಕಾವಲು ಇದ್ದೇ ಇತ್ತು. ಆದರೆ ಹೊರಗೆ ಬಯಲು ಸೈಟುಗಳಾಯಿತು, ತಂತಿಬೇಲಿಗಳೆದ್ದವು, ಕಿಟೆಂಗೆಲಾ ಪಟ್ಟಣ ಬೆಳೆಯಿತು. ಈಗ ದಕ್ಷಿಣಕ್ಕೂ ಬೇಲಿ ಹಾಕಿಬಿಡಿ ಎಂಬ ಮಾತು ಮತ್ತೆ ಮತ್ತೆ ಬರುತ್ತಿದೆ. ಅದನ್ನು ಒಪ್ಪಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ: ಉಳಿದಿರುವ ಅಷ್ಟಿಷ್ಟು ಓಡಾಟವೂ ನಿಂತು, ಉದ್ಯಾನ ದೊಡ್ಡದೊಂದು ಮೃಗಾಲಯವಾಗುತ್ತದೆ. ಬೆಂಗಳೂರಿನವರಿಗೆ ಇದು ಹೊಸ ಕಥೆಯಲ್ಲ. ಬನ್ನೇರುಘಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ ಸುಮಾರು 269 ಚದರ ಕಿ.ಮೀ. ಇತ್ತು, 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಕುಗ್ಗಿತು.

ಬೇಲಿ ಬೇಕೆನ್ನುವವರ ವಾದದಲ್ಲಿ ನೋವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಿಂಹ ನದಿ ದಾಟಿ ಮಾಸಾಯಿ ಕುಟುಂಬದ ಹಸುವನ್ನು ಹೊಡೆದರೆ ಆ ಮನೆಯ ಗಂಟೇ ಹೋದಂತೆ. ಆದರೆ ಕಾವಲು ಬೇಕಿರುವುದು ದೊಡ್ಡಿಗೆ. ಕಿಟೆಂಗೆಲಾದ ರಿಚರ್ಡ್ ಟುರೆರೆ ಎಂಬ ಹುಡುಗ ಹಳೆಯ ಕಾರಿನ ಬ್ಯಾಟರಿ, ಮೋಟಾರು ಬೈಕಿನ ಇಂಡಿಕೇಟರ್ ಪೆಟ್ಟಿಗೆ, ಕೆಟ್ಟ ಟಾರ್ಚಿನ ಬಲ್ಬುಗಳನ್ನು ಜೋಡಿಸಿ ದೊಡ್ಡಿಯ ಸುತ್ತ ಮಿನುಗುವ ದೀಪ ಕಟ್ಟಿದ. ಯಾರೋ ಟಾರ್ಚು ಹಿಡಿದು ಓಡಾಡುತ್ತಿದ್ದಾರೆಂದು ತಿಳಿದು ಸಿಂಹಗಳು ದೂರ ಉಳಿದವು. ಅಕ್ಕಪಕ್ಕದ ಮನೆಗಳವರೂ ಅದನ್ನೇ ಹಾಕಿಸಿಕೊಂಡರು. ಇನ್ನು ಬಯಲಿನ ಜಮೀನಿನ ಮಾತು. ಬೇಲಿ ಹಾಕದೆ, ಮಾರದೆ ಬಿಟ್ಟವರಿಗೆ ಎಕರೆಗೆ ವರ್ಷಕ್ಕೆ 4 ಡಾಲರ್ ಕೊಡುವ ಗೇಣಿ ಯೋಜನೆ 2000ದಲ್ಲಿ ಶುರುವಾಯಿತು. ದಾರಿ ಸರಿಯಾದದ್ದೇ. ಆದರೆ ನಗರದಂಚಿನ ಭೂಮಿಯ ಬೆಲೆಯ ಮುಂದೆ 4 ಡಾಲರ್ ಏನೇನೂ ಅಲ್ಲ. ಕಾಡುಪ್ರಾಣಿಯ ಲಾಭ ಇಡೀ ನಗರಕ್ಕೆ, ನಷ್ಟ ಮಾತ್ರ ದನ ಕಾಯುವವನಿಗೆ ಎಂಬುದು ನ್ಯಾಯವಲ್ಲ.

ಊರು ಬೆಳೆಯಲೇಬೇಕು, ರಸ್ತೆ ರೈಲು ಬೇಡವೇ ಎಂದು ಕೇಳುವವರೂ ಇದ್ದಾರೆ. ಬೇಕು. ಆದರೆ ಉದ್ಯಾನದ ಮೇಲೆ ಸುಮಾರು 6 ಕಿ.ಮೀ. ಉದ್ದದ ರೈಲು ಸೇತುವೆ ಈಗಾಗಲೇ ನಿಂತಿದೆ. ಒಂದೊಂದು ಯೋಜನೆಯೂ ಬಿಡಿಯಾಗಿ ನೋಡಿದರೆ ಚಿಕ್ಕದೇ. ಒಟ್ಟು ಎಷ್ಟು ಹೋಯಿತೆಂದು ಹೇಳುವುದು ವರ್ಷಗಟ್ಟಲೆ ನಡೆದ ಎಣಿಕೆಯೊಂದೇ. ಉದ್ಯಾನದ ಯೋಜನೆಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಲಂಗಾಟಾ ರಸ್ತೆಯಲ್ಲೇ ಇರುವ ವನ್ಯಜೀವಿ ಇಲಾಖೆಗೆ ಬರೆಯಿರಿ: ಗಣತಿಯ ಅಂಕಿಅಂಶ ಮೊದಲು ಮೇಜಿನ ಮೇಲಿರಲಿ, ಗೇಣಿಯ ಮೊತ್ತ ಏರಲಿ, ಎಂಬಗಾತಿಯ ದಡಕ್ಕೆ ಬೇಲಿ ಬೇಡ.