ಮನೆ ಇದ್ದವರೇ, ಗ್ರಾಮಸಭೆಗೆ ಬನ್ನಿ

ಕುಳಗಿ ಮತ್ತು ಸುತ್ತಲಿನ ಊರುಗಳ ಬಂಧುಗಳೇ,

ಮನೆ ಹಂಚಿಕೆಯ ಗ್ರಾಮಸಭೆ ಎಂದು ಪಂಚಾಯಿತಿ ನೋಟಿಸು ಅಂಟಿಸಿದಾಗ ನಮ್ಮಲ್ಲಿ ಹೆಚ್ಚಿನವರು, "ನಮಗೆ ಮನೆ ಇದೆಯಲ್ಲ, ಅಲ್ಲಿ ನಮಗೇನು ಕೆಲಸ" ಎಂದು ಸುಮ್ಮನಾಗುತ್ತೇವೆ. ಮನೆ ಬೇಕಾದವರಿಗೆ ಅವತ್ತಿನ ಕೂಲಿ ಬಿಡಲಾಗದು, ಎಮ್ಮೆ ಬಿಟ್ಟು ಬರಲಾಗದು. ಹಾಗಾದರೆ ಸಭೆಯಲ್ಲಿ ಉಳಿಯುವವರು ಯಾರು? ಯಾರ ಹೆಸರು ಸೇರಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಬಂದವರು, ಮತ್ತು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಹೊರಡುವವರು. ನನ್ನ ಮನವಿ ಇಷ್ಟೇ: ಮನೆ ಇದ್ದವರು ಈ ಸಭೆಗೆ ಬರಬೇಕು.

"ನಿಗಮದಿಂದ ಮನೆ ಬಂತು" ಎನ್ನುವುದು ನಮ್ಮ ರೂಢಿಯ ಮಾತು. 2000ನೇ ಇಸವಿಯಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬೆಂಗಳೂರಿನ ಕಾವೇರಿ ಭವನದಲ್ಲಿದೆ. ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಯೋಜನೆಗಳೆಲ್ಲ ನಡೆಯುವುದು ಅದರ ಕೈಯಲ್ಲಿ. ಆದರೆ ಹಳ್ಳಿಯಲ್ಲಿ ಅದು ಇಟ್ಟಿಗೆ ಇಡುವುದಿಲ್ಲ. ಮನೆ ಕಟ್ಟಿಕೊಳ್ಳಬೇಕಾದವರು ಫಲಾನುಭವಿಗಳೇ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಪಂಚಾಯಿತಿಯವರು ಜಿಪಿಎಸ್ ಫೋಟೊ ಏರಿಸಿದ ಮೇಲೆ ಖಾತೆಗೆ ಹಣ ಬೀಳುತ್ತದೆ. ನಿಗಮಕ್ಕೆ ವ್ಯವಸ್ಥಾಪಕ ನಿರ್ದೇಶಕರಿದ್ದಾರೆ, ಅವರ ಮೇಲೆ ವಸತಿ ಸಚಿವರಿದ್ದಾರೆ. ಅವರು ದಕ್ಷರೋ ಅಲ್ಲವೋ ಎಂದು ಚಹಾ ಅಂಗಡಿಯಲ್ಲಿ ಬೇಕಾದಷ್ಟು ಚರ್ಚಿಸೋಣ. ಆದರೆ ಯಾರ ಗೋಡೆ ಆಷಾಢದಲ್ಲಿ ಕುಸಿಯಿತು, ಯಾರು ಮಕ್ಕಳನ್ನು ಕಟ್ಟಿಕೊಂಡು ಪಕ್ಕದವರ ಜಗಲಿಯಲ್ಲಿ ಮಲಗಿದರು ಎಂಬುದು ಕಾವೇರಿ ಭವನಕ್ಕೆ ಕಾಣಿಸದು. ಅದನ್ನು ಬಲ್ಲವರು ನಾವು. ಫಲಾನುಭವಿಗಳನ್ನು ಆರಿಸುವ ಅಧಿಕಾರ ಗ್ರಾಮಸಭೆಗಿರುವುದೂ ಅದಕ್ಕೇ.

ಇನ್ನು ದುಡ್ಡಿನ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಂದಾಗ ಬಯಲು ಸೀಮೆಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ರೂಪಾಯಿ ಎಂದಿತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಾಗಲೂ ಮೊತ್ತ ಅಷ್ಟೇ ಉಳಿಯಿತು. ನಮ್ಮದು ಸಹ್ಯಾದ್ರಿಯ ನೆತ್ತಿಯಾದರೂ ಲೆಕ್ಕದಲ್ಲಿ ಬಯಲು ಸೀಮೆಯೇ! 2016ರಿಂದ ಈಚೆಗೆ ಸಿಮೆಂಟಿನ ದರ ಏನಾಯಿತು, ಉಸುಕಿನ ದರ ಏನಾಯಿತು, ಗೌಂಡಿಯ ಪಗಾರ ಎಷ್ಟಾಯಿತು ಎಂದು ಮನೆ ಕಟ್ಟಿದ ಯಾರನ್ನಾದರೂ ಕೇಳಿ. ರಾಜ್ಯದ ಯೋಜನೆಗಳಲ್ಲಿ ತಳಪಾಯಕ್ಕೆ ಮೊದಲು ಕೈಯಿಂದ ಹಾಕಬೇಕು, ಹಣ ಆಮೇಲೆ. ಕೈಯಲ್ಲಿ ಏನೂ ಇಲ್ಲದವರು ಸಾಲಕ್ಕೆ ಬೀಳುತ್ತಾರೆ, ಇಲ್ಲವೇ ಕಾಯುತ್ತಾರೆ. ಅಷ್ಟರಲ್ಲಿ ನಮ್ಮ ಮಳೆ ಬರುತ್ತದೆ, ನಾಲ್ಕು ತಿಂಗಳು ಕೆಲಸ ನಿಲ್ಲುತ್ತದೆ. ಗಡುವು ಮೀರಿದರೆ ಕಂಪ್ಯೂಟರಿನಲ್ಲಿ ಮನೆ 'ಬ್ಲಾಕ್'. ಮಳೆಗಾಲವನ್ನು ಗಡುವಿನಿಂದ ಕಳೆಯಿರಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ನಿಗಮಕ್ಕೆ ಕಳಿಸಲು ಏನಡ್ಡಿ? ಒಂದು ಪಂಚಾಯಿತಿಯ ಠರಾವನ್ನು ಕಡತದಲ್ಲಿ ಹೂತು ಹಾಕಬಹುದು. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡಗಳ ಪಂಚಾಯಿತಿಗಳೆಲ್ಲ ಕಳಿಸಿದರೆ ಉತ್ತರ ಕೊಡಲೇಬೇಕಾದೀತು.

ಎಲ್ಲಕ್ಕಿಂತ ದೊಡ್ಡ ತೊಡಕು ಜಾಗದ್ದು. ಹಕ್ಕುಪತ್ರವಿಲ್ಲದಿದ್ದರೆ ಮನೆ ಮಂಜೂರಾತಿ ಮುಂದೆ ಸಾಗದು. ಕಾಡಂಚಿನ ಕುಣಬಿಗಳಿಗೆ, ಸಿದ್ದಿಗಳಿಗೆ, ಗೌಳಿ ದಡ್ಡಿಗಳ ಜನರಿಗೆ ತಲೆಮಾರುಗಳ ವಾಸವಿದೆ, ಕಾಗದವಿಲ್ಲ. ಮೇಲೆ 2007ರಲ್ಲಿ ಹುಲಿ ಮೀಸಲು ಘೋಷಣೆಯಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರಾಯಿತು. ಸೂಪಾ ಅಣೆಕಟ್ಟಿಗೆ ಊರನ್ನೇ ಬಿಟ್ಟುಕೊಟ್ಟ ಸೀಮೆ ಇದು. ಕರೆಂಟು ತಯಾರಿಸುವವರಿಗೆ ಅಂಬಿಕಾನಗರದಲ್ಲಿ ಕಾಲೊನಿ ಕಟ್ಟಿದ ಸರ್ಕಾರಕ್ಕೆ ಆಗ ಜಾಗ ಸಿಕ್ಕಿತ್ತು ಎಂಬುದನ್ನು ಹೇಳದೆ ಇರಲಾರೆ. ಹಾಗೆಯೇ ಕುಳಗಿಯ ಪ್ರಕೃತಿ ಶಿಬಿರಕ್ಕೆ ದುಡ್ಡು ಕೊಟ್ಟು ಗುಡಾರದಲ್ಲಿ ಮಲಗಲು ಪೇಟೆಯವರು ಬರುತ್ತಾರೆ. ವರ್ಷವಿಡೀ ತಾಡಪತ್ರಿಯ ಕೆಳಗೆ ಮಲಗುವವರು ಅವರ ಕಣ್ಣಿಗೆ ಬೀಳುವುದಿಲ್ಲ.

ದಾರಿಯೇ ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬೇಸಾಯಕ್ಕಷ್ಟೇ ಅಲ್ಲ, ವಾಸಕ್ಕೂ ಹಕ್ಕು ಕೊಡುತ್ತದೆ. ಸಿದ್ದಿಗಳು 2003ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡ. ಅವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದುದನ್ನು ತೋರಿಸಿದರೆ ಸಾಕು. ಪಂಗಡಕ್ಕೆ ಸೇರದ ಗೌಳಿ, ಕುಣಬಿಗಳಿಗೆ ಅದೇ ದಿನಕ್ಕೆ ಮುಂಚಿನ 75 ವರ್ಷದ ವಾಸದ ಪುರಾವೆ ಬೇಕು, ಕಷ್ಟ ಅಲ್ಲಿ. ಆದರೆ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ ಎಂದು ನಿಯಮವೇ ಹೇಳುತ್ತದೆ. ಎಂಬತ್ತು ದಾಟಿದ ಅಜ್ಜ ಅಜ್ಜಿಯರು ನಮ್ಮ ಕೇರಿಗಳಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆ? ಅವರ ಮಾತನ್ನು ಈ ಬೇಸಿಗೆಯೊಳಗೆ ಬರೆಸಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಡಿ. ಅರಣ್ಯ ಹಕ್ಕಿನ ಅರ್ಜಿ ಇತ್ಯರ್ಥವಾಗುವ ತನಕ ಒಕ್ಕಲೆಬ್ಬಿಸುವಂತಿಲ್ಲ ಎಂಬುದನ್ನೂ ಕಾಡಂಚಿನವರಿಗೆ ತಿಳಿಸಿ ಹೇಳಿ. ಹುಲಿ ಮೀಸಲಿನಿಂದ ಹೊರಬರಲು 15 ಲಕ್ಷದ ಪರಿಹಾರ ಒಪ್ಪುವುದೂ ಬಿಡುವುದೂ ಕುಟುಂಬದ ಇಷ್ಟ. ಒಪ್ಪುವ ಮುಂಚೆ, ಮುಂದಿನ ಮನೆ ಎಲ್ಲಿ, ಯಾರ ಜಾಗದಲ್ಲಿ ಎಂಬುದು ಕಾಗದದ ಮೇಲೆ ಬರಲಿ.

ಓದುಬರಹ ಬಲ್ಲವರಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಪಟ್ಟಿ ಓದುವುದು ಕನ್ನಡದಲ್ಲಿ. ಕುಣಬಿ, ಸಿದ್ದಿ ಮನೆಗಳ ಮಾತು ಕೊಂಕಣಿ, ಗೌಳಿಗಳದ್ದು ಮರಾಠಿಯ ಒಂದು ಬಗೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ತಮ್ಮ ಹೆಸರು ಕೈಬಿಟ್ಟದ್ದು ತಿಳಿಯುವುದು ಸಭೆ ಮುಗಿದ ಮೇಲೆ. ಪಕ್ಕದಲ್ಲಿ ಕೂತು ಅವರ ಮಾತಿನಲ್ಲಿ ಹೇಳುವುದು ಕಷ್ಟದ ಕೆಲಸವಲ್ಲ. ಮಂಜೂರಾತಿ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ ಆಗುತ್ತದೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ಆಕೆಯ ಹೆಸರು ಒಂದೇ ಥರ ಇದೆಯೇ ನೋಡಿಕೊಡಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಹಣ ಅಲ್ಲೇ ನಿಲ್ಲಬಹುದು. "ಬೈಕ್ ಇದ್ದರೆ ಕೇಂದ್ರದ ಮನೆ ಇಲ್ಲ" ಎಂಬ ಹಳೆಯ ಮಾತನ್ನು ಯಾರಾದರೂ ಎತ್ತಿದರೆ, ದ್ವಿಚಕ್ರ ವಾಹನವನ್ನೂ ಫ್ರಿಜ್ಜನ್ನೂ ಅನರ್ಹತೆಯ ಪಟ್ಟಿಯಿಂದ 2024ರಲ್ಲೇ ತೆಗೆದಿದ್ದಾರೆ, ಮನೆಯ ಒಬ್ಬರ ತಿಂಗಳ ಗಳಿಕೆಯ ಮಿತಿಯನ್ನು 15 ಸಾವಿರಕ್ಕೆ ಏರಿಸಿದ್ದಾರೆ ಎಂದು ಎದ್ದು ನಿಂತು ಹೇಳಿ.

ಸಭೆಯಲ್ಲಿ ಕೂಗಾಡಬೇಕಿಲ್ಲ. ಪಟ್ಟಿಯನ್ನು ಪೂರ್ತಿ, ಗಟ್ಟಿಯಾಗಿ ಓದಿರಿ ಎನ್ನಿ. ಕೈಬಿಟ್ಟ ಹೆಸರಿಗೆ ಕಾರಣ ಕೇಳಿ, ಆ ಕಾರಣ ನಡಾವಳಿ ಪುಸ್ತಕದಲ್ಲಿ ದಾಖಲಾದ ಮೇಲೆ ಸಹಿ ಮಾಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಸದಸ್ಯರಲ್ಲಿ ಒಂದೇ ಕೋರಿಕೆ: ಸಭೆಯ ದಿನವನ್ನು ನಾಟಿಯ ವಾರದಲ್ಲಿ ಇಡಬೇಡಿ, ನೋಟಿಸನ್ನು ಕಚೇರಿಯ ಬೋರ್ಡಿಗಷ್ಟೇ ಅಂಟಿಸದೆ ದಡ್ಡಿಗಳಿಗೂ ಕೇರಿಗಳಿಗೂ ವಾರ ಮುಂಚೆ ಮುಟ್ಟಿಸಿ.